ನುಡಿಸಿ ನೋಡದೆ ತಂದ ಗಿಟಾರು

ನಮ್ಮ ಮನೆಗೆ ಯಾವ ಹೊಸ ಸಾಮಾನು ಬಂದರೂ ಬಂದ ಕೂಡಲೇ ಅದನ್ನು ಬಳಸುವ ಹಾಗಿರಲಿಲ್ಲ. ಕುಡುಗೋಲಾಗಲಿ, ಕೊಡವಾಗಲಿ, ನನ್ನ ಸ್ಲೇಟಾಗಲಿ, ಮೊದಲು ಅಜ್ಜಿಯ ಕೈಗೆ ಹೋಗಬೇಕು. ಅವಳು ಅದನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ದೇವರ ಗೂಡಿನ ಮುಂದೆ ಒಂದು ಹೊತ್ತು ಇರಿಸಿ, ಆಮೇಲೆ "ಈಗ ತಕ್ಕಳಿ" ಎನ್ನಬೇಕು. ಅಲ್ಲಿಯವರೆಗೂ ಅದು ಅಂಗಡಿಯವನದು, ಪೂಜೆಯಾದ ಮೇಲೆ ನಮ್ಮದು. ಅಂಚಿಗೆ ಅರಿಶಿನ ತಾಕಿಸದ ಹೊಸ ಲಂಗವನ್ನು ನಾನು ಒಂದು ಹಬ್ಬಕ್ಕೂ ಉಟ್ಟವಳಲ್ಲ. ಅಪ್ಪ ಟ್ರಾನ್ಸಿಸ್ಟರ್ ತಂದ ದಿನ ಅಜ್ಜಿ ನೀರಿನ ಚೊಂಬು ಹಿಡಿದು ಬಂದದ್ದನ್ನು ಕಂಡು ಅವನು ಅದನ್ನು ಎದೆಗೆ ಅವುಚಿಕೊಂಡು ಹಿತ್ತಲಿಗೆ ಓಡಿದ್ದ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದೆಂದು ರಾಜಿಯಾಯಿತು. ಈಗಿನವರು ನಗಬಹುದು. ನಾನೂ ನಗುತ್ತೇನೆ, ಆದರೆ ಅರ್ಧಕ್ಕೇ ನಿಂತುಹೋಗುತ್ತದೆ.

ಪಾಂಡವಪುರದಿಂದ ಮೂರು ಮೈಲಿ, ನಾಲೆಯ ಏರಿಯಿಂದ ಇಳಿದರೆ ನಮ್ಮ ಮನೆ. ನಾಡಹಂಚಿನದು. ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಒಂದು ಪಕ್ಕ ಕೊಟ್ಟಿಗೆ, ಹಿಂದೆ ಹಗಲಲ್ಲೂ ದೀಪ ಬೇಡುವ ಅಡುಗೆಮನೆ. ಅವ್ವ ಈ ಮನೆಗೆ ಬಂದದ್ದು ಕೆ.ಆರ್.ಎಸ್.ನಿಂದ. ಅವಳ ಅಪ್ಪ, ಅಂದರೆ ನನ್ನ ತಾತ, ನೀರಾವರಿ ಇಲಾಖೆಯಲ್ಲಿ ಗೇಟು ತಿರುಗಿಸುವ ಕೆಲಸದಲ್ಲಿದ್ದವರು. ಕಾಲೋನಿಯ ಕ್ವಾರ್ಟರ್ಸಿನಲ್ಲಿ ನಲ್ಲಿ ನೀರು, ಗಾಜಿನ ಕಿಟಕಿ ಕಂಡು ಬೆಳೆದ ಹುಡುಗಿಗೆ ನಮ್ಮ ಮನೆಯ ಹೊಗೆ ಹೇಗೆ ಒಗ್ಗಬೇಕು? ಅವಳು ಬಂದ ವರ್ಷವೇ ಅಡುಗೆಮನೆಯ ಸೂರಿನಲ್ಲಿ ಎರಡು ಹೆಂಚು ತೆಗೆಸಿ ಗಾಜು ಹಾಕಿಸಿದಳಂತೆ. ಅಜ್ಜಿ ಅದನ್ನು ನಾನು ಹುಟ್ಟಿ ಬೆಳೆದ ಮೇಲೂ ಕ್ಷಮಿಸಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸಂಸಾರ. ಅವ್ವ ಟೀಗೆ ಶುಂಠಿ ಹಾಕಿದರೆ ಅಜ್ಜಿ ಆ ಟೀಯನ್ನು ನಾಯಿಗೆ ಸುರಿಯುತ್ತಿದ್ದಳು. ಅಜ್ಜಿ ಉಪ್ಪೆಸರಿಗೆ ಖಾರ ಜಾಸ್ತಿ ಅರೆದರೆ ಅವ್ವ ಬರೀ ಮಜ್ಜಿಗೆಯಲ್ಲಿ ಉಂಡು ಏಳುತ್ತಿದ್ದಳು. ಜಗಳ ಜೋರಾಗಿ ಆಗುತ್ತಿರಲಿಲ್ಲ, ಪಾತ್ರೆ ಇಡುವ ಸದ್ದಿನಲ್ಲೇ ಎಲ್ಲ ನಡೆದುಹೋಗುತ್ತಿತ್ತು. ಅಜ್ಜಿ ಅವಳನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ.

"ಲೇ ಸುಮಿ, ನಿಮ್ಮ ಕ್ವಾಟ್ರಸ್ಸಮ್ಮಂಗೆ ಯೋಳು, ಇಟ್ಟು ತಳ ಇಡಿತಾ ಅದೆ ಅಂತ."

ಅವ್ವ ಒಂದು ಮಾರು ದೂರದಲ್ಲಿ ಒಲೆಯ ಮುಂದೆಯೇ ಇರುತ್ತಿದ್ದಳು. ಮುದ್ದೆ ತಿರುವುವುದಕ್ಕೆ ಬರದ ಸೊಸೆ ಎಂದು ಊರೆಲ್ಲ ಹೆಸರಾಗಿದ್ದವಳು ಅಷ್ಟರಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿರುವುತ್ತಿದ್ದಳು, ಆದರೂ ಹೆಸರು ಮಾತ್ರ ಹೋಗಿರಲಿಲ್ಲ. ಎಸರು ಕುದಿಯುವುದನ್ನು ಕಾಯುತ್ತ ಕುಳಿತಾಗ ಅವಳ ಎಡಗೈ ಮುದ್ದೆಕೋಲಿನ ಮೇಲೆ ಏನೋ ಮಾಡುತ್ತಿತ್ತು. ನಾಲ್ಕು ಬೆರಳೂ ಬೇರೆ ಬೇರೆ ಕಡೆ ಕೋಲನ್ನು ಒತ್ತುತ್ತಿದ್ದವು, ಬಿಡುತ್ತಿದ್ದವು, ಇನ್ನೊಂದು ಕಡೆ ಒತ್ತುತ್ತಿದ್ದವು. ಕೈ ಜೋಮು ಹಿಡಿದಿರಬೇಕು ಅಂದುಕೊಂಡಿದ್ದೆ. ಒಮ್ಮೆ ಕೇಳಿದ್ದಕ್ಕೆ ಕೋಲನ್ನು ಸರ್ರನೆ ಪಾತ್ರೆಗೆ ಇಳಿಸಿ, "ಏನಿಲ್ಲ ಓಗು" ಎಂದಿದ್ದಳು.

ಏನೆಂದು ಗೊತ್ತಾದದ್ದು ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ. ರಜೆಗೆ ನಾನೂ ಅವ್ವನೂ ಕೆ.ಆರ್.ಎಸ್.ಗೆ ಹೋಗಿದ್ದೆವು. ತಾತನ ಮನೆಯ ಗೋಡೆಗೆ ಅಂಟಿದ ಪಕ್ಕದ ಮನೆಯಲ್ಲಿ ಆಸ್ಪತ್ರೆಯ ನರ್ಸು ಸ್ಟೆಲ್ಲಮ್ಮ ಇದ್ದರು. ಅವ್ವ ಮದುವೆಗೆ ಮುಂಚೆ ನಾಲ್ಕು ವರ್ಷ ಅವರ ಹತ್ತಿರ ಗಿಟಾರು ಕಲಿತಿದ್ದಳಂತೆ. ನನಗೆ ಅವತ್ತಿನವರೆಗೂ ಅದು ಗೊತ್ತೇ ಇರಲಿಲ್ಲ. ಅವರು "ಪ್ರೇಮಾ, ಬಾರೇ" ಎಂದು ಕೂಗಿ ಅವಳ ತೊಡೆಯ ಮೇಲೆ ಗಿಟಾರು ಇಟ್ಟರು. ನಾನು ಬಾಗಿಲ ಹತ್ತಿರ ಬೆಲ್ಲ ಚೀಪುತ್ತ ನಿಂತಿದ್ದೆ. ಅವ್ವನ ಎಡಗೈ ಮುದ್ದೆಕೋಲಿನ ಮೇಲೆ ಮಾಡುತ್ತಿದ್ದುದನ್ನೇ ಮಾಡಿತು, ಈ ಸಲ ಅದಕ್ಕೆ ದನಿ ಬಂತು. ಅವಳ ಸೆರಗು ಜಾರಿತು, ಎತ್ತಿಕೊಳ್ಳಲಿಲ್ಲ. ಎಲ್ಲೋ ತಪ್ಪಿದಾಗ ಬಾಯಿ ತೆರೆದು, ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. ಅಷ್ಟು ಚೆಂದ ನಗುವ ಹೆಂಗಸು ನಮ್ಮ ಮನೆಯಲ್ಲಿ ಇರಲಿಲ್ಲ. ನೋಡಿ ಖುಷಿಪಡಬೇಕಾಗಿತ್ತು, ನನಗೆ ಹೆದರಿಕೆಯಾಯಿತು. ಇವಳು ಇಲ್ಲಿಯವಳು, ನಮ್ಮವಳಲ್ಲ, ಯಾವತ್ತಾದರೂ ಇಲ್ಲಿಗೇ ವಾಪಸು ಬಂದುಬಿಡುತ್ತಾಳೆ ಎಂದು ಆ ಬಾಗಿಲಲ್ಲಿ ನಿಂತೇ ಗಟ್ಟಿಯಾಗಿ ತಿಳಿದುಕೊಂಡೆ. ಬಾಯಿಯ ಬೆಲ್ಲ ಕರಗುವುದರೊಳಗೆ ಒಂದು ಮರದ ಡಬ್ಬಿಯ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿತ್ತು.

ಊರಿಗೆ ಬಂದವಳೇ ಅಪ್ಪನಿಗೆ ಚಾಡಿ ಹೇಳಿದೆ. ಹೌದು, ಚಾಡಿಯೇ. ಅವನು ಕಬ್ಬಿನ ಗದ್ದೆಗೆ ನೀರು ಕಟ್ಟುತ್ತಿದ್ದ. ಬದುವಿನ ಮೇಲೆ ನಿಂತು, ಅವ್ವ ಅಲ್ಲಿ ಗಿಟಾರು ಬಾರಿಸಿದಳು, ಸೆರಗೂ ಹೊದ್ದಿರಲಿಲ್ಲ, ಜೋರಾಗಿ ನಗುತ್ತಿದ್ದಳು ಎಂದು ಎಲ್ಲವನ್ನೂ ಒಪ್ಪಿಸಿದೆ. ಇನ್ನು ಮೇಲೆ ಕೆ.ಆರ್.ಎಸ್.ಗೆ ಕಳಿಸಬೇಡ ಅನ್ನುವುದು ನನ್ನ ಆಸೆ. ಅಪ್ಪ ಸಲಿಕೆ ಊರಿ ನಿಂತು ಕೇಳಿಸಿಕೊಂಡ.

"ಜೋರಾಗಿ ನಗ್ತಿದ್ಲಾ?"

"ಊಂ. ಬಾಯಿ ಬುಟ್ಕಂಡು."

"ನಿಂಗೆ ಚೆನ್ನಾಗಿ ಗ್ಯಾನ ಅದಾ? ನಿಮ್ಮವ್ವನೇಯಾ?"

 ನೀರು ಮಡಿ ತುಂಬಿ ಪಕ್ಕದವರ ಗದ್ದೆಗೆ ಹರಿದುಹೋಗುವವರೆಗೂ ಅಪ್ಪ ಸಲಿಕೆ ಹಿಡಿದು ಹಾಗೇ ನಿಂತಿದ್ದ.

ಆಯುಧಪೂಜೆಗೆ ಎರಡು ದಿನ ಇದೆ ಎನ್ನುವಾಗ ಅಪ್ಪ ನನ್ನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದ. ಟ್ರಾಕ್ಟರಿಗೆ ಟೇಪು, ಬಲೂನು ತರುವುದಕ್ಕೆ ಎಂದು ಮನೆಯಲ್ಲಿ ಹೇಳಿದ್ದ. ಬಸ್ಸು ಇಳಿದು ನಾವು ಹೋದದ್ದು ರಹೀಂ ಸಾಬರ ಅಂಗಡಿಗೆ. ಸಾಬರು ಸುತ್ತಲ ಊರುಗಳ ನಾಟಕದವರಿಗೆ, ಭಜನೆಯವರಿಗೆ ಹಾರ್ಮೋನಿಯಂ ರಿಪೇರಿ ಮಾಡಿಕೊಡುತ್ತಿದ್ದವರು. ಬಿಚ್ಚಿದ ಹಾರ್ಮೋನಿಯಂಗಳ ನಡುವೆ ಗೋಡೆಯ ಮೊಳೆಗೆ ಒಂದೇ ಒಂದು ಗಿಟಾರು ತೂಗುಹಾಕಿದ್ದರು. ಜೇನಿನ ಬಣ್ಣ, ಅಂಚಿಗೆ ಕಪ್ಪು ಗೆರೆ. ಅಪ್ಪ ಅದಕ್ಕೆ ಮುಂಚೆಯೇ ಮಾತು ಕೊಟ್ಟಿದ್ದಿರಬೇಕು, ಸಾಬರು ಅವನನ್ನು ಕಂಡವರೇ ಇಳಿಸಿ, ಒರೆಸಿ ಕೈಗಿತ್ತರು. ಅಪ್ಪ ಚಪ್ಪಲಿ ಬಿಟ್ಟು ಅದನ್ನು ಈಸಿಕೊಂಡ. ಅವನಿಗೆ ಗೊತ್ತಿದ್ದುದು ನೇಗಿಲು, ನೊಗ, ಎತ್ತು. ಹಾಗಾಗಿ ಒಂದು ಕಣ್ಣು ಮುಚ್ಚಿ, ನೊಗದ ಮರ ಸೊಟ್ಟ ಇದೆಯೇ ಎಂದು ನೋಡುವ ಹಾಗೆ ಗಿಟಾರಿನ ಕತ್ತಿನುದ್ದಕ್ಕೂ ನೋಡಿದ. ಮಡಕೆ ಕೊಳ್ಳುವಾಗಿನಂತೆ ಬೆರಳ ಗೆಣ್ಣಿನಲ್ಲಿ ಬೆನ್ನಿಗೆ ಮೆಲ್ಲಗೆ ತಟ್ಟಿ ಕಿವಿ ಕೊಟ್ಟ. ತಂತಿಗೆ ಮಾತ್ರ ಬೆರಳು ಸೋಕಿಸಲಿಲ್ಲ. ಕೆ.ಆರ್. ಪೇಟೆ ಕಡೆಯಿಂದ ಒಂದು ಜೊತೆ ಎತ್ತು ತರುವಾಗ ನೊಗಕ್ಕೆ ಕಟ್ಟಿ, ಗಾಡಿ ಹೂಡಿ, ಏರು ಹತ್ತಿಸಿ ಇಳಿಸಿ, ಮೂರು ಸಲ ಹೋಗಿಬಂದು ವ್ಯಾಪಾರ ಮುಗಿಸಿದ ಮನುಷ್ಯ ಇವನೇ.

"ಗೌಡ್ರೆ, ಇಂಗೆ ಕೊಡಿ. ಒಂದ್ ದಫಾ ಬಾರ್ಸಿ ತೋರಿಸ್ತೀನಿ. ದನಿ ಕೇಳ್ದೆ ಯಾರಾದ್ರೂ ತಗೋತಾರಾ?"

ಸಾಬರು ತಂತಿಗೆ ಕೈ ಹಾಕಿದ್ದರು. ಅಪ್ಪ ಅವರ ಮಣಿಕಟ್ಟು ಹಿಡಿದುಕೊಂಡ.

"ಬ್ಯಾಡಿ ಸಾಬ್ರೆ. ನಮ್ಮಲ್ಲಿ ಪೂಜೆ ಆಗ್ದೆ ಏನನ್ನೂ ಬಳಸಕ್ಕಿಲ್ಲ."

"ಅರೆ! ಇದೇನ್ ಮಚ್ಚಾ, ಕುಡ್ಲಾ? ಒಳಗೇನಾದ್ರೂ ಕಸರು ಇದ್ರೆ ಆಮೇಲೆ ನನ್ನ ಕೇಳಬ್ಯಾಡಿ."

"ಕೇಳಕ್ಕಿಲ್ಲ ಬುಡಿ."

ಸಾಬರು ಸೋತರು. ಹಳೇ ಪಂಚೆಯ ತುಂಡಿನಲ್ಲಿ ಸುತ್ತುತ್ತ, ಅಪ್ಪ ಹೊರಗೆ ಗೋಣಿಚೀಲ ತರಲು ಹೋಗಿದ್ದಾಗ, ನನಗೆ ಹೇಳಿದರು:

"ನೋಡು ಬೇಟಿ, ನೀನು ಇಸ್ಕೂಲಿಗೆ ಹೋಗೋ ಹುಡ್ಗಿ, ನಿಂಗೆ ಹೇಳ್ತೀನಿ. ಇದಕ್ಕೆ ನೀರೂ ಆಗಲ್ಲ, ಬಿಸ್ಲೂ ಆಗಲ್ಲ. ಅಂಟೆಲ್ಲ ಬಿಟ್ಕೊಂಡ್ಬಿಡುತ್ತೆ. ಮನೇಲಿ ದೊಡ್ಡೋರಿಗೆ ಹೇಳ್ಬಿಡು, ಹಾಂ?"

ನಾನು ಹಾಂ ಎಂದು ತಲೆಯಾಡಿಸಿದೆ.

ಬಸ್ಸಿನಲ್ಲಿ ಅಪ್ಪ ಗೋಣಿಚೀಲವನ್ನು ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡಿದ್ದ. ಅದೇನು ಗೌಡ್ರೆ, ಹಲಸಿನ ಹಣ್ಣಾ ಎಂದು ಕಂಡಕ್ಟರು ಕೇಳಿದರೆ ಹೂಂ ಎಂದ. ಊರಿನಲ್ಲಿ ಕತ್ತು ಉದ್ದದ ಹಲಸಿನ ಹಣ್ಣು ಬೆಳೆಯುವವರು ನಾವೇ ಮೊದಲು. ಮನೆಗೆ ಬಂದು, ಅವ್ವ ಹಿತ್ತಲಲ್ಲಿದ್ದ ಹೊತ್ತು ನೋಡಿ, ಅಟ್ಟದ ಮೇಲೆ ಬೆಲ್ಲದ ಗುಡಾಣಗಳ ಹಿಂದೆ ಮುಚ್ಚಿಟ್ಟ. ಹಬ್ಬದ ದಿನ ನೇಗಿಲು, ಕುಳ, ಕುಡುಗೋಲುಗಳ ಜೊತೆ ಇದನ್ನೂ ಸಾಲಾಗಿ ಇಟ್ಟು, ಅವ್ವ ಆರತಿ ತಟ್ಟೆ ಹಿಡಿದು ಬಂದಾಗ ಕಾಣಬೇಕು ಅನ್ನುವುದು ಅವನ ಹುನ್ನಾರ. ಯಾರಿಗೂ ಹೇಳಬೇಡ ಎಂದು ನನ್ನ ಕೈಲಿ ಆಣೆ ಹಾಕಿಸಿಕೊಂಡ. ಅವನ ಮುಖ ನೋಡಿ ನನಗೆ ಅಳು ಬಂತು. ಚಾಡಿ ಹೇಳಿ ಹೆಂಗಸನ್ನು ಕಟ್ಟಿಹಾಕಲು ಹೊರಟವಳು ನಾನು, ಅವಳನ್ನು ಕರೆದೊಯ್ಯುವುದು ಯಾವುದೋ ಅದನ್ನೇ ನನ್ನ ಕೈಯಾರೆ ಮನೆಯೊಳಗೆ ತಂದಿದ್ದೆ.

ಹಬ್ಬದ ಬೆಳಿಗ್ಗೆ ಅಪ್ಪ ಟ್ರಾಕ್ಟರು ತೊಳೆಯಲು ನಾಲೆಗೆ ಹೋಗಿದ್ದ. ಅವ್ವ ಒಳಗೆ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಳು. ಹಿತ್ತಲ ಕಲ್ಲುಚಪ್ಪಡಿಯ ಮೇಲೆ ಅಜ್ಜಿಯ ದರ್ಬಾರು. ಮನೆಯ ಸಮಸ್ತ ಆಯುಧಗಳೂ ಅಲ್ಲಿ ಸ್ನಾನಕ್ಕೆ ಕಾದಿದ್ದವು. ಒನಕೆ, ಮೊರ, ಸೇರು, ಕೊಡಲಿ, ಬೀಸುವ ಕಲ್ಲಿನ ಗೂಟ, ನನ್ನ ಜಾಮಿಟ್ರಿ ಬಾಕ್ಸು ಕೂಡ. ಎಲ್ಲ ಮುಗಿಯುತ್ತ ಬಂದಾಗ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು.

"ಅಟ್ಟದ ಮ್ಯಾಲೆ ಅದ್ಯಾವ್ದೋ ತಂಬೂರಿ ಐತಲ್ಲ, ಅದ್ನೂ ಇಳ್ಸ್ಕಂಡ್ ಬಾ."

ಬೆಲ್ಲ ತೆಗೆಯಲು ಹತ್ತಿದಾಗ ನೋಡಿಬಿಟ್ಟಿದ್ದಳು.  ನನಗೆ ಹೆದರಿಕೆಯಾಗಲಿಲ್ಲ, ಆಸೆಯಾಯಿತು. ಅಜ್ಜಿ ಇದನ್ನು ಬೀದಿಗೆ ಎಸೆಯುತ್ತಾಳೆ, ಕ್ವಾಟ್ರಸ್ಸಿನ ವೈಯಾರ ಎಂದು ರಂಪ ಮಾಡುತ್ತಾಳೆ ಅಂದುಕೊಂಡೆ. ತಂದುಕೊಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ನಿಮ್ಮಪ್ಪ ತಂದದ್ದಾ? ನಿಮ್ಮವ್ವಂಗಾ?"

"ಊಂ."

ರಂಪ ಮಾಡಲಿಲ್ಲ. ತುಟಿ ಒತ್ತಿ ಹಿಡಿದು, ಅದನ್ನು ಚಪ್ಪಡಿಯ ಮೇಲೆ ಮಲಗಿಸಿ, ಚೊಂಬು ಎತ್ತಿಕೊಂಡಳು. ಸಾಬರ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಜ್ಜೀ, ಅದಕ್ಕೆ ನೀರು ಆಗಲ್ಲವಂತೆ. ನಾಲ್ಕೇ ಮಾತು. ಆಣೆಯನ್ನೇನೂ ಮುರಿಯಬೇಕಾಗಿರಲಿಲ್ಲ, ಅವಳೇ ಕಂಡುಹಿಡಿದಿದ್ದಳಲ್ಲ. ನಾನು ಹೇಳಲಿಲ್ಲ. ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಸುಳ್ಳು. ಮುಂದೆ ಮೂವತ್ತು ವರ್ಷ ಮೇಷ್ಟರಮ್ಮನಾಗಿ ಮಕ್ಕಳಿಗೆ ನಿಜ ಹೇಳಿ, ನಿಜ ಹೇಳಿ ಎಂದು ಬೋಧನೆ ಮಾಡಿದವಳು ಅವತ್ತು ಕಣ್ಣು ಬಿಟ್ಟುಕೊಂಡು, ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಮೊದಲ ಚೊಂಬು ಬಿತ್ತು. ಎರಡನೆಯದು ನಡುವಿನ ತೂತಿನೊಳಕ್ಕೇ ಹೋಯಿತು. ಒಳಗೆಲ್ಲ ದೂಳು ಕೂತಿದೆ ಎಂದು ಅಜ್ಜಿ ಅದನ್ನು ಕೊಡ ಕುಲುಕಿದಂತೆ ಕುಲುಕಿ, ಇನ್ನೊಂದು ಬಿಂದಿಗೆ ನೀರು ತಾ ಎಂದು ನನ್ನನ್ನು ಬೀದಿಯ ಕೊಳಾಯಿಗೆ ಅಟ್ಟಿದಳು. ಅಲ್ಲಿ ಸಾಲು ಇತ್ತು. ನಾನು ಬೇಕೆಂದೇ ಎಲ್ಲರಿಗಿಂತ ಹಿಂದೆ ನಿಂತೆ. ನೀರು ಹೊತ್ತು ಬರುವಷ್ಟರಲ್ಲಿ ಗಿಟಾರನ್ನು ನೀರು ಬಸಿಯಲೆಂದು ಬೋರಲು ಹಾಕಿ, ಒಳ್ಳೆಯ ಬಿಸಿಲಿರುವ ಜಾಗ ನೋಡಿ ಗೋಡೆಗೆ ಒರಗಿಸಿಯಾಗಿತ್ತು.

ಅಪ್ಪ ಬಂದು ನೋಡಿದಾಗ ಅದು ಒಣಗಿ, ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಕತ್ತಿಗೆ ಒಂದು ಮೊಳ ಸೇವಂತಿಗೆ ಹೂ ಮುಡಿದು ನೇಗಿಲ ಪಕ್ಕ ಕುಳಿತಿತ್ತು. ತನ್ನ ಅಮ್ಮನೇ ಒಪ್ಪಿಕೊಂಡು ಪೂಜೆಗೆ ಇಟ್ಟಿದ್ದಾಳೆ ಎಂದು ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ತೊಳೆದದ್ದು ಅವನಿಗೆ ಹೊಳೆಯಲಿಲ್ಲ, ಹೊಳೆದಿದ್ದರೂ ತಪ್ಪೆಂದು ತೋಚುತ್ತಿರಲಿಲ್ಲ. ಅವ್ವ ಆರತಿ ಹಿಡಿದು ಬಂದಳು. ಕಂಡಳು. ಕೈ ಬಾಯಿಗೆ ಹೋಯಿತು. ತಟ್ಟೆಯನ್ನು ಅಪ್ಪ ಹಿಡಿದುಕೊಳ್ಳದಿದ್ದರೆ ಬೀಳುತ್ತಿತ್ತು.

"ಯಾರ್ದಿದು?"

"ಯಾರ್ದು ಅಂದ್ರೆ? ಇಡ್ಕಂಡು ನೋಡು, ಯಾರ್ದು ಅಂತ ಅದೇ ಯೋಳ್ತದೆ."

ಪೂಜೆಯಾಯಿತು, ಕಡ್ಲೆಪುರಿ ಹಂಚಿದ್ದಾಯಿತು. ನಡುಮನೆಯಲ್ಲಿ ಅವ್ವ ಚಾಪೆಯ ಮೇಲೆ ಕುಳಿತು ಅದನ್ನು ತೊಡೆಗೇರಿಸಿಕೊಂಡಳು. ತಂತಿ ಬಿಗಿಯುವ ಅದರ ಕಿವಿ ಹಿಂಡಿದಳು, ಸಡಿಲಿಸಿದಳು, ಮತ್ತೆ ಹಿಂಡಿದಳು. ಆಮೇಲೆ ನುಡಿಸಿದಳು. ಸ್ಟೆಲ್ಲಮ್ಮನ ಮನೆಯಲ್ಲಿ ಕೇಳಿದ ದನಿ ಅದಲ್ಲ. ನೆನೆದ ಹಲಗೆಯ ಮೇಲೆ ಯಾರೋ ಬಟ್ಟೆ ಒಗೆಯುವ ಹಾಗೆ ಧಪ್ ಧಪ್ ಎನ್ನುತ್ತಿತ್ತು. ಆದರೂ ಅಪ್ಪ ತೊಡೆ ತಟ್ಟಿಕೊಂಡು ಕೇಳಿದ. ಅಜ್ಜಿ ಕಂಬಕ್ಕೆ ಒರಗಿ, "ಇನ್ನೊಂದ್ ಕಿತ ಬಾರ್ಸು" ಎಂದಳು. ಅವ್ವ ಬಾರಿಸಿದಳು. ಅವಳು ಆ ದಿನ ಹಲ್ಲು ಕಾಣುವ ಹಾಗೆ ನಗಲಿಲ್ಲ, ಅತ್ತೆಯ ಕಡೆ ನೋಡಿ ಸಣ್ಣಗೆ ನಕ್ಕಳು. ನಾನು ಗೆದ್ದಿದ್ದೆ. ನನ್ನ ಪಾಲಿನ ಒಬ್ಬಟ್ಟನ್ನು ಯಾರಿಗೂ ಕಾಣದ ಹಾಗೆ ನಾಯಿಗೆ ಹಾಕಿದೆ.

ದಿನೇ ದಿನೇ ಗಿಟಾರಿನ ಹೊಟ್ಟೆ ಉಬ್ಬಿತು. ನಾಲ್ಕನೆಯ ದಿನ ಮಧ್ಯಾಹ್ನ ನಾವೆಲ್ಲ ಬಸ್ಸಾರು ಕಲಸಿಕೊಂಡು ಉಣ್ಣುತ್ತಿದ್ದಾಗ ನಡುಮನೆಯಲ್ಲಿ ಟಪ್ ಎಂದು ಸದ್ದಾಯಿತು. ಹೋಗಿ ನೋಡಿದರೆ ತಂತಿಗಳನ್ನು ಹಿಡಿದಿದ್ದ ಕೆಳಗಿನ ಮರದ ತುಂಡು ಬುಡಸಮೇತ ಕಿತ್ತುಕೊಂಡು ಬಂದಿತ್ತು. ತಂತಿಗಳು ಸುರುಳಿ ಸುತ್ತಿಕೊಂಡಿದ್ದವು. ಅಪ್ಪ ಎಂಜಲು ಕೈಯಲ್ಲೇ ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ತರುವಾಗ ನಾನು ತಂತಿ ಮುಟ್ಟಿಯೂ ನೋಡಲಿಲ್ಲ, ನಾಳೆಯೇ ಸಾಬರ ಹತ್ತಿರ ತೆಗೆದುಕೊಂಡು ಹೋಗುತ್ತೇನೆ, ಸರಿ ಮಾಡಿಕೊಡುತ್ತಾರೆ ಎಂದ. ಅವ್ವ ಮಾತ್ರ ಸುತರಾಂ ಒಪ್ಪಲಿಲ್ಲ.

"ಬ್ಯಾಡ ಬುಡಿ. ನುಡಿಸಿ ನೋಡ್ದೆ ತಂದ್ರೆ ಇನ್ನೇನಾಯ್ತದೆ? ಮದಲೇ ಕೆಟ್ಟಿದ್ದ ಸಾಮಾನು ಅದು."

ಅಲ್ಲಿಗೆ ತೀರ್ಪಾಗಿಹೋಯಿತು. ಸಾಮಾನು ಕೆಟ್ಟದ್ದು, ತಂದವನು ಪೆದ್ದ. ಆ ಮಾತು ನಮ್ಮ ಮನೆಯಲ್ಲಿ ಗಾದೆಯಾಗಿ ನಿಂತಿತು. ಅಪ್ಪ ಕುಂಬಳಕಾಯಿ ತಂದು ಅದು ಒಳಗೆ ಕೊಳೆತಿದ್ದರೆ ಗಿಟಾರು, ಬಿತ್ತನೆ ಬೀಜ ಮೊಳೆಯದಿದ್ದರೆ ಗಿಟಾರು. ನನಗೆ ಗಂಡು ನೋಡಲು ಹೊರಟಾಗ ಕೂಡ ಅವ್ವ ಬಾಗಿಲಲ್ಲಿ ನಿಂತು, "ವಿಚಾರ್ಸ್ಕಂಡ್ ಬನ್ನಿ, ಗಿಟಾರು ತಂದಂಗೆ ತಂದ್ಬುಟ್ಟೀರಿ" ಎಂದಿದ್ದಳು. ಬೀಗರೆದುರಿಗೂ ಹೇಳಿ ನಗುತ್ತಿದ್ದಳು. ಅಪ್ಪ ಒಂದು ಸಲವೂ ಎದುರಾಡಲಿಲ್ಲ, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ತಾನೂ ನಗುತ್ತಿದ್ದ. ಆ ನಗುವಿನಲ್ಲಿ ನಾನು ಮಾತ್ರ ಸೇರುತ್ತಿರಲಿಲ್ಲ. ಅಂಗಡಿಯ ಸುದ್ದಿ ಎತ್ತಿದರೆ ಸಾಬರು ಹೇಳಿದ ಮಾತೂ ಹೊರಬೀಳುತ್ತದೆ ಎಂದು ಆ ಅಂಗಡಿಗೆ ಹೋದದ್ದನ್ನೇ ನಾನು ಬಾಯಿಂದ ಅಳಿಸಿಹಾಕಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆಡದೆ ಕಳೆದುಕೊಂಡದ್ದರ ಲೆಕ್ಕ ಅವರಿಗೆ ಬಂದಿರಲಿಲ್ಲವೋ ಏನೋ. ಮುಂದೆ ಅಜ್ಜಿ ಹೋದಳು. ಆಮೇಲೆ ಹುಟ್ಟಿದ ನನ್ನ ತಮ್ಮ ಹಳೇ ಮನೆ ಕೆಡವಿ ತಾರಸಿ ಕಟ್ಟಿಸುವಾಗ ಅಟ್ಟದಿಂದ ಗಿಟಾರು ಇಳಿಸಿದರೆ ಗೆದ್ದಲು ತಿಂದು ಬರೀ ಸಿಪ್ಪೆ ಉಳಿದಿತ್ತು. 

ಅಪ್ಪ ಹೋಗಿ ಈಗ ಹನ್ನೊಂದು ವರ್ಷ. ಅವ್ವ ನಾಗಮಂಗಲದಲ್ಲಿ ನನ್ನ ಜೊತೆ ಇದ್ದಾಳೆ. ಅವಳ ಮಾತಿನಲ್ಲಿ ಕ್ವಾರ್ಟರ್ಸಿನ ಒಂದಕ್ಷರವೂ ಉಳಿದಿಲ್ಲ, ಬೈದರೆ ಅಜ್ಜಿಯೇ ಬೈದಂತೆ ಕೇಳುತ್ತದೆ. ಹೋದ ಅವರೆಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ಇಬ್ಬರೂ ವರಾಂಡದಲ್ಲಿ ಕುಳಿತು ಕಾಯಿ ಬಿಡಿಸುತ್ತಿದ್ದೆವು. ಎದುರು ಮನೆಯ ಕಾಲೇಜು ಹುಡುಗಿ ಫೋನಿನಲ್ಲೇ ಬಣ್ಣ ನೋಡಿ ಒಂದು ಗಿಟಾರು ತರಿಸಿಕೊಂಡಿದ್ದಳು. ಕೊರಿಯರ್ ಡಬ್ಬಿ ಇನ್ನೂ ಅವರ ಗೇಟಿನ ಹತ್ತಿರ ಬಿದ್ದಿತ್ತು, ಒಳಗಿಂದ ಅವಳು ತಡವುತ್ತಿದ್ದ ಸದ್ದು ಬರುತ್ತಿತ್ತು. ಅವ್ವ ಕಿವಿ ಅತ್ತ ಇಟ್ಟು, "ಇವ್ಳೂ ನುಡಿಸಿ ನೋಡ್ದೆ ತರ್ಸ್ಕಂಡವ್ಳೆ. ನಿಮ್ಮಪ್ಪನ ಜಾತಿ" ಎಂದು ನಕ್ಕಳು. ಐವತ್ತು ವರ್ಷ ಕೇಳಿದ ಆ ಮಾತು ಆ ದಿನ ಯಾಕೋ ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಸಾಬರು ಹೇಳಿದ್ದು, ನಾನು ನುಂಗಿದ್ದು, ಸ್ಟೆಲ್ಲಮ್ಮನ ಬಾಗಿಲಲ್ಲಿ ನನಗೆ ಹೆದರಿಕೆಯಾದದ್ದು, ಎಲ್ಲ. ನೀನು ನಮ್ಮನ್ನು ಬಿಟ್ಟು ಹೊರಟುಹೋಗುತ್ತೀಯ ಅಂದುಕೊಂಡಿದ್ದೆ ಎನ್ನುವಾಗ ಅರವತ್ತು ದಾಟಿದ ನನಗೆ ಐದನೇ ಕ್ಲಾಸಿನ ಹುಡುಗಿಯ ಅಳು ಬಂತು. ಅವ್ವ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಥೂ, ಉಚ್ಚುಮುಂಡೆ. ನೀರು ಬಿದ್ರೆ ಕೆಡ್ತದೆ ಅಂತ ನಂಗೊತ್ತಿರ್ನಿಲ್ವಾ? ನಾಕು ವರ್ಷ ಕಲ್ತೋಳು ನಾನು. ನಾನೂ ಅಡ್ಗೆಮನೆ ಬಾಗ್ಲಲ್ಲೇ ನಿಂತಿದ್ದೆ."

"ಆವತ್ತಾ?"

"ನೀನು ಬಿಂದ್ಗೆ ತಕ್ಕಂಡ್ ಓದ್ಯಲ್ಲ, ಆಗ. ಕೂಗ್ಬೇಕು ಅಂತ ಬಾಯಿ ತೆಗ್ದೆ ಕಣವ್ವ. ನಿಮ್ಮಜ್ಜಿ ಅದ್ಕೆ ನೀರು ಉಯ್ತಾ, ಮಗೀಗ್ ಉಯ್ದಂಗೆ ಉಯ್ತಾ, ಅದ್ರ ಜೊತೆ ಮಾತಾಡ್ತಿದ್ಲು. 'ನಮ್ಮ ಪ್ರೇಮನ ಕೈಲಿ ಚೆಂದಾಗಿ ನುಡಿಯಪ್ಪಾ' ಅಂತ. ಆ ಮನೆಗ್ ಬಂದು ಅನ್ನೊಂದು ವರ್ಷಕ್ಕೆ ಆವಮ್ಮನ ಬಾಯಲ್ಲಿ ನನ್ನೆಸ್ರು ಬಂದದ್ದು ಅದೇ ಮದಲು. ನಾನು ಕೂಗಿದ್ರೆ ನಿಂತೋಗಿರೋದು. ಎಂಗ್ ಕೂಗ್ಲಿ? ಒಳೀಕೋದೆ, ಊರ್ಣ ರುಬ್ಬಿದೆ. ಆರ್ತಿ ತಕ್ಕಂಡ್ ಬಂದಾಗ ಆಗ್ಲೇ ಕಂಡೋಳಂಗೆ ಬಾಯ್ಮೇಲೆ ಕೈ ಇಟ್ಕಂಡೆ."

ಅದಕ್ಕೇ ರಿಪೇರಿ ಬೇಡ ಎಂದಳಂತೆ. ಸಾಬರು ನೋಡಿದರೆ ನೀರಿನ ಮಾತು ಬರುತ್ತದೆ, ಅದು ಅಜ್ಜಿಯ ಕಿವಿಗೆ ಬಿದ್ದರೆ ಮುದುಕಿ ಕುಗ್ಗಿಹೋಗುತ್ತಾಳೆ. ಯಾರ ಮೇಲಾದರೂ ಹಾಕಬೇಕಲ್ಲ, ನುಡಿಸಿ ನೋಡದೆ ತಂದವನ ಮೇಲೆ ಹಾಕಿದೆ, ನಿಮ್ಮಪ್ಪನ ಹೆಗಲು ಅಗಲ ಇತ್ತು ಎಂದಳು. ಐವತ್ತು ವರ್ಷ ನಾನು ಒಬ್ಬಳೇ ಹೊತ್ತೆ ಅಂದುಕೊಂಡಿದ್ದನ್ನು ನನ್ನ ಪಕ್ಕದಲ್ಲೇ ಇನ್ನೊಬ್ಬಳು ಹೊತ್ತುಕೊಂಡು ಅಡುಗೆ ಮಾಡುತ್ತಿದ್ದಳು. ಎದುರು ಮನೆಯ ಹುಡುಗಿ ಒಂದು ತಂತಿಯನ್ನೇ ಮತ್ತೆ ಮತ್ತೆ ಮೀಟುತ್ತಿದ್ದಳು. ಅವ್ವ ಸ್ವಲ್ಪ ಹೊತ್ತು ಅದನ್ನು ಕೇಳಿದಳು. ಆಮೇಲೆ ನನ್ನ ಕಡೆ ನೋಡದೆ ಕೇಳಿದಳು:

"ಅಂಗಾದ್ರೆ ಅಂಗಡೀಗೆ ನೀನೂ ಓಗಿದ್ದೆ ಅನ್ನು. ಅಲ್ಲಿ ಯಾರಾದ್ರೂ ನುಡಿಸಿದ್ರಾ? ನೀರು ಬೀಳಕ್ ಮುಂಚೆ ಅದ್ರ ದನಿ ಎಂಗಿತ್ತು?"

ಒಂದು ಸುಳ್ಳು ಹೇಳಬಹುದಾಗಿತ್ತು. ಚೆನ್ನಾಗಿತ್ತು ಕಣವ್ವ, ಸ್ಟೆಲ್ಲಮ್ಮನ ಗಿಟಾರಿಗಿಂತ ಚೆನ್ನಾಗಿತ್ತು ಅಂದಿದ್ದರೆ ಅವಳ ಜೀವಕ್ಕೆ ತಂಪಾಗುತ್ತಿತ್ತು. ಆದರೆ ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಮುಚ್ಚಿಟ್ಟು ಏನು ಮಾಡಲಿ?

"ಯಾರೂ ನುಡಿಸ್ಲಿಲ್ಲ ಅವ್ವ. ಸಾಬ್ರು ಬಾರಿಸ್ತೀನಿ ಅಂದ್ರು, ಅಪ್ಪ ಕೈ ಹಿಡ್ಕಂಡ್ಬಿಟ್ಟ. ಪೂಜೆ ಆಗಿಲ್ಲ ಅಂದ."

"ಅದೇ ಬುಡು, ಅವ್ರ ಅಮ್ಮನ ಶಾಸ್ತ್ರ."

"ನಾನೂ ಅಂಗೇ ಅಂದ್ಕಂಡಿದ್ದೆ. ಆಚೆ ಬಂದ್ಮೇಲೆ ಕೇಳ್ದೆ. ಅಪ್ಪಾ, ಪೂಜೆ ಆಗ್ದಿದ್ರೆ ಏನೀಗ, ಒಂದ್ಸಲ ಬಾರಿಸಿದ್ರೆ ಏನಾಗ್ತಿತ್ತು ಅಂತ. ಅವ್ನು ಪೂಜೆ ಮಾತೇ ಆಡ್ಲಿಲ್ಲ. 'ಅದ್ರ ಮೊದಲ್ನೇ ಸದ್ದು ನಿಮ್ಮವ್ವನ ಕೈಲೇ ಬರ್ಬೇಕು ಕಣ್ಮಗಾ. ಅಳ್ಳೀಗ್ ಬಂದು ಇಷ್ಟು ವರ್ಷ ಆಯ್ತು, ಅವ್ಳಿಗೇ ಅಂತ ಮೊದ್ಲು ನಾನೇನೂ ಕೊಟ್ಟಿಲ್ಲ' ಅಂದ."

ಅವ್ವನ ಕೈ ನಿಂತಿತು. ಅರ್ಧ ಸುಲಿದ ಕಾಯಿ ಬೆರಳ ಸಂದಿಯಲ್ಲೇ ಉಳಿಯಿತು. ನನ್ನ ಮುಖವನ್ನು, ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂದು ನೋಡುವ ಹಾಗೆ, ತುಂಬ ಹೊತ್ತು ನೋಡಿದಳು.

"ಸಾಯೋಗಂಟ ಅವ್ರನ್ನ ಆಡ್ಕಂಡು ನಕ್ಬುಟ್ನಲ್ಲೇ," ಎಂದಳು.

 ಎದುರು ಮನೆಯ ಸದ್ದೂ ನಿಂತಿತ್ತು. ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಹತ್ತಿರಕ್ಕೆ ಜರುಗಿ ಕುಳಿತಳು.

"ಇನ್ನೊಂದ್ ಕಿತ ಯೋಳು," ಎಂದಳು. "ಅವ್ರು ಅಂದಂಗೇ ಯೋಳು."